ಔ ಅಜ್ಜಿಯ ಬೆಳ್ಳಿ ನಾಣ್ಯಕ್ಕೆ ಮೂರು ಲಕ್ಷವಂತೆ!

ಒಲೆ ಮೇಲೆ ಏನಾದ್ರೂ ಇದ್ರೆ ಇಳಿಸಿ ಬನ್ನಿ, ಇದನ್ನ ಪೂರ್ತಿ ಕೇಳ್ಲೇಬೇಕು. ನಿಮ್ಮನೇಲೂ ಯಾವುದೋ ಡಬ್ಬೀಲಿ ಹಳೇ ನಾಣ್ಯ ಬಿದ್ದಿರುತ್ತೆ, ಅದಕ್ಕೇ ಹೇಳ್ತಿದೀನಿ.

ನಮ್ಮ ಓಣೀಲಿ ಔ ಮನೆತನದ ಅಜ್ಜಿ ಒಬ್ರಿದಾರೆ, ಎಲ್ರೂ ಔ ಅಜ್ಜಿ ಅಂತೀವಿ. ಅವರ ಹತ್ರ ಒಂದು ಬೆಳ್ಳಿ ನಾಣ್ಯ ಇದೆ. ಅವರ ಅತ್ತೆ ಕೊಟ್ಟಿದ್ದು. ಓಣೀಲಿ ಯಾವ ಮಗೂಗೆ ಜ್ವರ ಬಂದ್ರೂ ಬೇಯಿಸಿದ ಮೊಟ್ಟೆ ಒಳಗೆ ಆ ನಾಣ್ಯ ಇಟ್ಟು, ಬಟ್ಟೆ ಸುತ್ತಿ, ಬಿಸಿಬಿಸಿಯಾಗಿ ಹಣೆಗೆ ಬೆನ್ನಿಗೆ ಉರುಳಿಸ್ತಾರೆ. ನನ್ನ ಬೆನ್ನೂ ಅದನ್ನ ಕಂಡಿದೆ. ಹೊರಗೆ ತೆಗೆದಾಗ ನಾಣ್ಯ ಕಪ್ಪಗಾಗಿರುತ್ತೆ. ಅಜ್ಜಿ ಒಲೆ ಬೂದಿ ಹಾಕಿ ಫಳಫಳ ಅನ್ನೋ ತನಕ ಉಜ್ಜಿಡ್ತಾರೆ.

ಈಚೆಗೆ ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಆಪರೇಷನ್‌ಗೆ ಅಂತ ಮಗ ಟಾನ್ ಚಿಕ್ಕಪ್ಪ ಎಂಟು ಸಾವಿರ ಯುವಾನ್ ಕೂಡಿಟ್ಟಿದ್ರು.

ಒಂದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದ್ರೆ ಚಿಕ್ಕಪ್ಪ ಶೂ ಹಾಕ್ಕೊಂಡು ಬಾಗಿಲಲ್ಲಿ ನಿಂತಿದಾರೆ. ಅಜ್ಜಿ ಟೂತ್‌ಪೇಸ್ಟ್ ಹಾಕಿ ನಾಣ್ಯ ಉಜ್ತಿದಾರೆ.

"ಎಲ್ಲಿಗೆ ಚಿಕ್ಕಪ್ಪ?"

"ಚಾಂಗ್ಶಾ ಪಟ್ಟಣಕ್ಕೆ. ದಾರಿ ಬಿಡು ಶುವಾಂಗ್, ಬಸ್ಸು ಬಂದ್ಬಿಡುತ್ತೆ. ನಾಣ್ಯದ ಫೋಟೋ ಫೋನಲ್ಲಿ ಹಾಕಿದ್ದೆ. ಯಾವುದೋ ಕಂಪನಿಯವರು ನೋಡಿ ಕರೆದಿದಾರೆ. ಮೂರು ಲಕ್ಷ ಬರುತ್ತಂತೆ! ಪ್ರದರ್ಶನಕ್ಕಿಡೋ ಫೀಸು ಎಂಟು ಸಾವಿರ ಮೊದ್ಲು ಕಟ್ಬೇಕಷ್ಟೆ. ಇವತ್ತೇ ಕೊನೇ ದಿನ."

"ನಿಮ್ಮ ಹತ್ರ ಎಷ್ಟಿದೆ ಅಂತ ಅವರು ಮೊದ್ಲೇ ಕೇಳಿದ್ರಾ?"

"ಕೇಳಿದ್ರು. ಅದಕ್ಕೇನೀಗ?"

"ಅದು ಅಜ್ಜಿ ಕಣ್ಣಿನ ದುಡ್ಡಲ್ವಾ?"

"ಮೂರು ಲಕ್ಷ ಬಂದ್ರೆ ಕಣ್ಣೇನು, ಚಿನ್ನದ ಕನ್ನಡಕಾನೇ ಹಾಕಿಸ್ತೀನಿ. ಅಜ್ಜಿಗಿಂತ ಹಳೇ ನಾಣ್ಯ ಕಣೇ ಇದು!"

ನನಗೆ ನಾಣ್ಯದ ಹುಚ್ಚು, ಓಣಿಗೆಲ್ಲಾ ಗೊತ್ತು. ಮನೆಗೆ ಓಡಿ ತೂತಿರೋ ಒಂದು ತಾಮ್ರದ ನಾಣ್ಯ ತಂದೆ.

"ಇದು ಸಾಂಗ್ ರಾಜರ ಕಾಲದ್ದು. ಒಂಬೈನೂರು ವರ್ಷ ಹಳೇದು. ಒಂದು ಬಟ್ಟಲು ಅಕ್ಕಿ ಶಾವಿಗೆ ದುಡ್ಡಿಗೆ ತಗೊಂಡೆ."

"ಸುಳ್ಳು ಬಿಡ್ಬೇಡ!"

"ನಿಜ ಚಿಕ್ಕಪ್ಪ. ಆಗ ರಾಶಿ ರಾಶಿ ಅಚ್ಚು ಹಾಕಿದ್ರು, ಇವತ್ತಿಗೂ ಮೂಟೆಗಟ್ಟಲೆ ಉಳಿದಿವೆ. ವಯಸ್ಸು ನೋಡಿ ಯಾರೂ ದುಡ್ಡು ಕೊಡಲ್ಲ. ಅಂಥದ್ದು ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಅದು ಮುಖ್ಯ. ಆಮೇಲೆ ಅಸಲಿನಾ ನಕಲಿನಾ, ಎಷ್ಟು ಸವೆದಿದೆ... ಅಯ್ಯೋ ಅಜ್ಜಿ, ಉಜ್ಬೇಡಿ, ಸಾಕು!"

"ಕೊಳೆ ನಾಣ್ಯ ಕೊಟ್ಟು ಕಳಿಸಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕೇ?"

"ನಾಣ್ಯದ ಮೇಲಿರೋ ಮುಖ ಮುಟ್ಟಿ ನೋಡಿ. ಮೀಸೆ ಸಿಗುತ್ತಾ?"

ಅಜ್ಜಿ ಬೆರಳಾಡಿಸಿದ್ರು. ಮುಖ ಸಣ್ಣಗಾಯ್ತು. "ಇಲ್ವಲ್ಲೇ, ನುಣ್ಣಗಿದೆ. ನಾನು ಮದುವೆಯಾಗಿ ಬಂದಾಗ ಚುಚ್ಚೋ ಹಾಗಿತ್ತು."

"ಕೊಳ್ಳೋರು ಹುಡುಕೋದು ಆ ಗೆರೆಗಳನ್ನೇ. ಬೂದಿ, ಪೇಸ್ಟು ಎಲ್ಲಾ ತಿಂದ್ಕೊಂಡು ಹೋಗಿವೆ. ಇದು ಅಸಲಿ ಅಂತಾನೇ ಇಟ್ಕೊಳ್ಳಿ, ಇಂಥವು ಕೋಟಿಗಟ್ಟಲೆ ಹೊಡೆದಿದ್ರು. ಬೆಳ್ಳಿ ಬೆಲೆ, ಅದರ ಮೇಲೆ ಒಂಚೂರು. ಅಷ್ಟೇ."

"ನಿಂಗೆ ಹೊಟ್ಟೆಕಿಚ್ಚು!" ಅಂದ್ರು ಚಿಕ್ಕಪ್ಪ. ಆದ್ರೆ ಬಾಗಿಲು ದಾಟ್ಲಿಲ್ಲ.

ಅಷ್ಟರಲ್ಲಿ ಫೋನ್ ಬಡ್ಕೊಳ್ತು. ಆ ಕಂಪನಿಯವನೇ! ನಾನು ಸ್ಪೀಕರ್ ಹಾಕ್ಸಿದೆ. "ಫೀಸನ್ನ ಮಾರಿದ ದುಡ್ಡಲ್ಲೇ ಹಿಡ್ಕೊಳ್ಳಿ ಅಂತ ಕೇಳಿ," ಅಂತ ಪಿಸುಗುಟ್ಟಿದೆ. ಚಿಕ್ಕಪ್ಪ ಕೇಳಿದ್ರು.

ಆ ಕಡೆಯಿಂದ ಬೆಣ್ಣೆಯಂಥ ಮಾತು. "ಟಾನ್ ಅಣ್ಣಾ, ನಿಯಮ ಹಾಗಿಲ್ಲ. ನಿಮಗೋಸ್ಕರ ಅರ್ಧ ಮಾಡ್ತೀನಿ. ನಾಲ್ಕು ಸಾವಿರ ಈಗ್ಲೇ ಫೋನಲ್ಲೇ ಹಾಕ್ಬಿಡಿ. ವಿದೇಶದ ಗಿರಾಕಿ ಹೊರಟು ನಿಂತಿದಾನೆ."

ಹೊರಗೆ ಬಸ್ಸಿನ ಹಾರ್ನ್. ಚಿಕ್ಕಪ್ಪನ ಬೆರಳು ಫೋನಿನ ಮೇಲೆ ಆಡ್ತಿದೆ. ಅರ್ಧ ತಾನೇ, ಹಾಕೇಬಿಡ್ತಾರೆ ಅನ್ಕೊಂಡೆ.

ಅಜ್ಜಿ ತಡವರಿಸ್ಕೊಂಡು ಬಂದು ಫೋನ್ ಕಿತ್ಕೊಂಡ್ರು. "ಏನಪ್ಪಾ, ನಂಗೆ ಕಣ್ಣು ಕಾಣಲ್ಲ. ಆದ್ರೆ ನಿನ್ನ ಅವಸರ ಚೆನ್ನಾಗಿ ಕಾಣ್ತಿದೆ. ಮೂರು ಲಕ್ಷದ ವಸ್ತು ಅಂತೀಯ, ನಾಲ್ಕು ಸಾವಿರಕ್ಕೆ ಯಾಕೋ ಅಳ್ತೀಯ?"

ಟಪ್ ಅಂತ ಫೋನ್ ಇಟ್ಟ. ಬಸ್ಸೂ ಹೋಯ್ತು. ಚಿಕ್ಕಪ್ಪ ಹೊಸ್ತಿಲ ಮೇಲೆ ಕೂತು ಶೂ ಬಿಚ್ಚಿದ್ರು.

ಆ ಎಂಟು ಸಾವಿರದಲ್ಲೇ ಅಜ್ಜಿ ಕಣ್ಣಿನ ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿದ ದಿನ ಅಜ್ಜಿ ಮೊದ್ಲು ಕೇಳಿದ್ದು ಆ ನಾಣ್ಯಾನೇ. ದಿಟ್ಟಿಸಿ ನೋಡಿ, "ಅಯ್ಯೋ, ಇವನ ಮೂಗನ್ನೂ ಉಜ್ಜಿ ಮುಗಿಸಿದೀನಲ್ಲೇ!" ಅಂತ ಬಿದ್ದೂಬಿದ್ದೂ ನಕ್ರು.

ಅದಕ್ಕೇ ಹೇಳೋದು. ಹಳೇ ನಾಣ್ಯ ಸಿಕ್ರೆ ಉಜ್ಬೇಡಿ, ತೊಳೀಬೇಡಿ, ಅಂಚು ಹಿಡಿದು ಎತ್ತಿಡಿ. ನಾಣ್ಯ ತಿಳಿದ ಇಬ್ಬರು ಮೂವರಿಗೆ ತೋರಿಸಿ, ಅಂಥದ್ದೇ ನಾಣ್ಯ ನಿಜವಾಗ್ಲೂ ಎಷ್ಟಕ್ಕೆ ಮಾರಾಟ ಆಗಿದೆ ಅಂತ ವಿಚಾರಿಸಿ. ಮಾರೋ ಮೊದ್ಲೇ ನಿಮ್ಮಿಂದಲೇ ದುಡ್ಡು ಕೇಳೋನಿಗೆ ಒಂದು ಕಾಸೂ ಕಳಿಸ್ಬೇಡಿ.

ಈಗ ಎದೆ ಮುಟ್ಕೊಂಡು ಹೇಳಿ. ಬಸ್ಸು ಹಾರ್ನ್ ಹೊಡೀತಿದೆ, ಫೋನಲ್ಲಿ ಅವನು "ಅರ್ಧ ಸಾಕು" ಅಂತಿದಾನೆ, ದುಡ್ಡು ನಿಮ್ಮ ಕೈಯಲ್ಲೇ ಇದೆ. ನೀವಾಗಿದ್ರೆ ಏನ್ ಮಾಡ್ತಿದ್ರಿ?