ಮಾರ್ದನಿ ತೆಗೆದ ಕೋಣೆ

ಹುಲ್ಲಹಳ್ಳಿಯ ಶಂಭುಲಿಂಗಪ್ಪನವರಿಗೆ ದೇವರಮನೆ ಎರಡು. ಒಂದರಲ್ಲಿ ನಂಜುಂಡೇಶ್ವರನ ಪಟ. ಇನ್ನೊಂದು ಮನೆಯ ಹಜಾರ; ಅಲ್ಲಿ ಎರಡು ಸ್ಪೀಕರು, ಹಳೆಯ ಟೇಪ್ ರೆಕಾರ್ಡರು, ಒಂದೇ ಒಂದು ಕ್ಯಾಸೆಟ್ಟು. ತಂಗಿಯ ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕರೆಯುವಾಗ ಹೆಂಗಸರು ಹಾಡಿದ ಸೋಬಾನೆ ಅದರಲ್ಲಿತ್ತು. ಒಬ್ಬಳು ಸಾಲು ಎತ್ತಿಕೊಡಬೇಕು, ಮಿಕ್ಕವರು ಸೊಲ್ಲು ಹಿಡಿಯಬೇಕು. ಎತ್ತಿಕೊಡುವ ಆ ಜೇನಿನಂಥ ದನಿ ಹೆಂಡತಿ ದೇವೀರಮ್ಮನದೆಂದು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವಳೋ, ಕ್ಯಾಸೆಟ್ಟು ಹಾಕಿದೊಡನೆ, "ಆಫ್ ಮಾಡಿ ಅತ್ಲಾಗೆ, ಒಲೆ ಮೇಲೆ ಸಾರು ಅದೆ" ಎಂದು ಎದ್ದು ಹೋಗುತ್ತಿದ್ದಳು. ಗರತಿಯ ನಾಚಿಕೆ ಎಂದುಕೊಂಡಿದ್ದರು.

ಅವಳು ಶಿವನ ಪಾದ ಸೇರಿ ವರ್ಷವಾಗುತ್ತ ಬಂತು. ವರ್ಷದ ಪೂಜೆಯ ದಿನ ನೆಂಟರನ್ನೆಲ್ಲ ಕೂರಿಸಿ ಆ ದನಿ ಕೇಳಿಸಬೇಕು, ಅವಳು ಹೀಗೆ ಹಾಡುತ್ತಿದ್ದಳೆಂದು ನಾಲ್ಕು ಜನ ನೆನೆಯಬೇಕು, ಅಷ್ಟೇ ಆಸೆ. ಆದರೆ ಟೇಪಿನ ಪುಟ್ಟ ಸ್ಪೀಕರಿನಲ್ಲಿ ಮೊದಲೂ ದನಿಗಳು ಒಂದಕ್ಕೊಂದು ಅಂಟಿಕೊಂಡೇ ಕೇಳುತ್ತಿದ್ದವು; ಈಗ ದೊಡ್ಡ ಸ್ಪೀಕರು ತಂದರೆ, ಹಜಾರಕ್ಕೆ ಹೊಸದಾಗಿ ಟೈಲ್ಸು, ಗಾಜು ಹಾಕಿಸಿದ್ದೇ ತಪ್ಪಾಗಿತ್ತು. ಬಾವಿಯೊಳಗೆ ಕೂಗಿದಂತೆ ಹಾಡೆಲ್ಲ ಗುಂಯ್ ಎಂದು ಕಲಸಿಹೋಗುತ್ತಿತ್ತು. ಅದನ್ನು ಸರಿಮಾಡಲು ಮೈಸೂರಿನಿಂದ ರಂಜಿನಿಯನ್ನು ಕರೆಸಿದರು. ಹಾಡು ಕೇಳುವ ಕೋಣೆಗಳನ್ನು ಹದಮಾಡುವುದೇ ಅವಳ ಕಸುಬು.

ಅವಳು ಬಂದವಳೇ ಮೂಲೆಮೂಲೆಗೂ ಹೋಗಿ ಚಪ್ಪಾಳೆ ತಟ್ಟತೊಡಗಿದಳು.

"ಏನವ್ವಾ, ಗುಬ್ಬಿ ಓಡುಸ್ತಿದ್ದೀಯಾ?"

"ಗೋಡೆ ಮಾತಾಡುಸ್ತಿದೀನಿ ಸಾರ್. ನಿಮ್ಮ ಗೋಡೆಗಳು ಬಾಯಿಬಡುಕರು. ಒಂದು ಮಾತು ಕೊಟ್ಟರೆ ಹತ್ತು ವಾಪಸ್ ಕೊಡ್ತವೆ."

ಗೋಡೆಗೆ ಉಣ್ಣೆ ತುಂಬಿ ಬಟ್ಟೆ ಹೊದಿಸಿದ ಹಲಗೆಗಳು ಬಂದವು. ನೆಲಕ್ಕೆ ಜಮಖಾನ, ಗಾಜಿಗೆ ದಪ್ಪ ಪರದೆ. ಪೂಜೆಯ ಮುನ್ನಾದಿನ ಕೆಲಸ ಮುಗಿಯಿತು. ಶಂಭುಲಿಂಗಪ್ಪನವರು ವಿಭೂತಿ ಇಟ್ಟುಕೊಂಡು, ಕೈಮುಗಿದು ಕೂತರು. ರಂಜಿನಿ ಕ್ಯಾಸೆಟ್ಟು ಹಾಕಿದಳು.

ಅವರೆಕಾಯಿ ಸುಲಿದಂತೆ ದನಿಗಳು ಒಂದೊಂದಾಗಿ ಬಿಡಿಸಿಕೊಂಡವು. ಹತ್ತಿರದಲ್ಲಿ ಬಳೆಯ ಸದ್ದು, ದೇವೀರಮ್ಮ. ಇಷ್ಟು ವರ್ಷ ತಮ್ಮನ್ನು ಊಟಕ್ಕೆ ಕರೆದ ದನಿ ಅವರಿಗೆ ತಿಳಿಯದೇ? ಆದರೆ ಅದು ಸೊಲ್ಲು ಹಿಡಿಯುತ್ತಿತ್ತು. ತಡವರಿಸುತ್ತ, ಸಾಲಿನ ಬಾಲಕ್ಕೆ ಜೋತುಬಿದ್ದು. ಎತ್ತಿಕೊಡುತ್ತಿದ್ದ ದನಿ ದೂರದಲ್ಲಿತ್ತು, ಕಿಟಕಿಯಾಚೆ, ದನದ ಕೊರಳಗಂಟೆಯ ಜೊತೆಗೆ.

ಹಾಡು ನಿಂತಿತು. ದೇವೀರಮ್ಮ ಕೂಗಿದಳು: "ಮಂಚಮ್ಮಾ, ಮುಂದ್ಲುದು ನಂಗ್ ಬರದಿಲ್ಲ ಕಣವ್ವ. ಇನ್ನೊಸಿ ಇತ್ಲಾಗ್ ಬಾ."

ಕೂಡಲೇ ಗಂಡಸಿನ ದನಿ: "ಲೇ ಮಂಚಿ! ಅಂಗಳದಲ್ಲೇ ನಿಂತ್ಕ. ಮೆಟ್ಲು ಅತ್ಬ್ಯಾಡ."

ಆ ಗಂಡಸು ತಾವೇ.

ಮಂಚಮ್ಮ ಅವರ ಗದ್ದೆಯಲ್ಲಿ ನಾಟಿ ಮಾಡುತ್ತ ಮುದುಕಿಯಾದವಳು. ಮನೆ ಗದ್ದೆಗೆ ನೀರು ಹರಿಯುವ ಚಾನೆಲ್ಲಿನ ಆಚೆ, ಊರ ಹೊರಗಿನ ಕಾಲೊನಿಯಲ್ಲಿ.

"ಹೊರಗಡೆ ಇರೋರು ಯಾರು ಸಾರ್? ನಿಜವಾಗಿ ಹಾಡ್ತಿರೋದು ಅವರೇ ಅಲ್ವಾ?"

ಶಂಭುಲಿಂಗಪ್ಪನವರು ಎದ್ದು ಟೇಪು ನಿಲ್ಲಿಸಿದರು. "ಇದ್ನೆಲ್ಲ ಕಿತ್ತಾಕ್ಬುಡವ್ವ" ಎಂದರು.

"ಯಾಕ್ ಸಾರ್? ಚೆನ್ನಾಗಿ ಬಂತಲ್ಲ?"

"ಚೆನ್ನಾಗೇ ಬಂತು. ಅದ್ಕೇಯಾ."

ಮರುದಿನ ಬೋಳು ಗೋಡೆಗಳ ನಡುವೆ ಕ್ಯಾಸೆಟ್ಟು ಮೊಳಗಿತು. ನಡುವಿನ ಮಾತುಗಳು ಗುಂಯ್ಗುಡುವುದರಲ್ಲಿ ಮುಳುಗಿಹೋದವು. ನೆಂಟರು ಕಣ್ಣೊರೆಸಿಕೊಂಡರು. "ಎಂಥಾ ಕಂಠ ಕಣ್ರೀ ದೇವೀರಮ್ಮಂದು! ಇನ್ನು ಯಾರಿದ್ದಾರು ಅಂಗ್ ಆಡಕ್ಕೆ?" ಶಂಭುಲಿಂಗಪ್ಪನವರು ತಲೆಯಾಡಿಸಿದರು. ಅವರ ಕಿವಿಗೆ ಮಾತ್ರ ಅಂಗಳದ ದನಿಯಲ್ಲದೆ ಬೇರೇನೂ ಕೇಳಿಸಲಿಲ್ಲ. ಹೆಂಡತಿಯ ದನಿಯನ್ನು ಎಷ್ಟು ಹುಡುಕಿದರೂ ಆ ಗದ್ದಲದಲ್ಲಿ ಅದು ಸಿಗಲೇ ಇಲ್ಲ.

ಪೂಜೆಯ ಊಟಕ್ಕೆ ಮಂಚಮ್ಮನೂ ಬಂದಿದ್ದಳು. ಎಂದಿನಂತೆ ಅಂಗಳದಲ್ಲಿ ಎಲೆ. ಅವರು ತಾವೇ ಪಾಯಸದ ಬಕೀಟು ಹಿಡಿದು ಹೋಗಿ ಬಡಿಸಿದರು. ಒಳಗೆ ಬಾ ಎನ್ನಲು ಬಾಯಿ ತೆರೆದರು. ಬಾಗಿಲ ತುಂಬ ನೆಂಟರು ನಿಂತಿದ್ದರು.

"ಆಡು ಕೇಳುಸ್ತಾ ಮಂಚಮ್ಮ?" ಎಂದಷ್ಟೇ ಕೇಳಿದರು.

ಅವಳು ಪಾಯಸದ ಬೆರಳು ನೆಕ್ಕಿಕೊಂಡಳು. "ಕೇಳುಸ್ತು ಬುದ್ಧಿ. ಅವ್ವಾರದು ಭಾರಿ ದನಿ. ಒಳಗ್ ಆಡುದ್ರೂ ಅಂಗಳದಿಂದ್ಲೇ ಬತ್ತದೆ."

ಉಂಡ ಎಲೆಯನ್ನು ಎಂದಿನಂತೆ ತಾನೇ ಮಡಿಚಿಕೊಂಡು ಎದ್ದಳು. ಎಲೆಯನ್ನು ಅಲ್ಲೇ ಬಿಡು ಎನ್ನುವಷ್ಟರಲ್ಲಿ ಚಾನೆಲ್ಲಿನ ಏರಿಯನ್ನು ಹತ್ತಿದ್ದಳು.