ಫಜರ್ ಆದ ಮೇಲೆ ಎರಡು ನಿಮಿಷ

ನಿಂತ ಕಾರನ್ನು ಬೆಳಗ್ಗೆ ಒಂದೆರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ತಪ್ಪೆಂದು ಯಾರಾದರೂ ಹೇಳಲಿ ನೋಡೋಣ! ಬೆಂಗಳೂರಿನ ಅರ್ಧ ಜನ ಅದನ್ನೇ ಮಾಡುತ್ತಾರೆ. ಊರಿಗೆ ಹೋದವರ ಕಾರನ್ನು ಪಕ್ಕದ ಮನೆಯವರು ಸ್ಟಾರ್ಟ್ ಮಾಡಿ ಇಡುತ್ತಾರೆ, ಪಾಪ, ಬ್ಯಾಟರಿ ಇಳಿಯದಿರಲಿ ಅಂತ. ಕುಕ್ ಟೌನಿನ ಖುರ್ಷೀದ್ ಮಾಡಿದ್ದೂ ಅಷ್ಟೇ. ಎದೆನೋವು ಎಂದು ಆಸ್ಪತ್ರೆಗೆ ಹೋದ ಅವಳ ತಮ್ಮ ಆದಿಲ್ ಮತ್ತೆ ಮನೆಗೆ ಬರಲಿಲ್ಲ. ಅವನ ಕೆಂಪು ಕಾರು ಪೋರ್ಟಿಕೋದಲ್ಲಿ ಉಳಿದುಬಿಟ್ಟಿತು. ದಿನಾ ನಸುಕಿನ ಫಜರ್ ನಮಾಜು ಮುಗಿಸಿ, ತಲೆ ಮೇಲಿನ ದುಪಟ್ಟಾ ಕೂಡ ಸಡಿಲಿಸದೆ, ಖುರ್ಷೀದ್ ನೇರ ಬಂದು ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸುತ್ತಿದ್ದಳು.

ಅದು ಎಲ್ಲರ ಕಾರಿನಂಥದ್ದಲ್ಲ. ಚೆನ್ನೈಯ ಯಾವುದೋ ಕಾನ್ಸುಲೇಟ್ ಕಚೇರಿಯ ಸಾಹೇಬನೊಬ್ಬ ಬಿಟ್ಟುಹೋದ ಹಳೇ ಜಪಾನಿ ಕಾರು. ಅದರ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನೇ ಇಲ್ಲ. ಸಮೋಸದಂತೆ ಮೂರು ಮೂಲೆಯ ರೋಟರು ಗರಗರ ಸುತ್ತುತ್ತದೆ, ಅಷ್ಟೇ. ಅದಕ್ಕೇ ಅದರ ಸದ್ದೂ ಬೇರೆ. ಬಾಯಿ ತುಂಬ ಪಾನ್ ಇಟ್ಟುಕೊಂಡು ಯಾರನ್ನೋ ಬಯ್ಯುತ್ತಿರುವ ಹಾಗೆ ಬಡಬಡ ಎನ್ನುತ್ತದೆ. ಭಾನುವಾರ ಬೆಳಗಾಗುವ ಮೊದಲೇ ಆದಿಲ್ ಅದನ್ನು ಹೊರಗೆ ತೆಗೆದು, ಟಿನ್ ಫ್ಯಾಕ್ಟರಿ, ಕೆ.ಆರ್. ಪುರ ದಾಟಿಸಿ ಹೊಸಕೋಟೆಗೆ ಬಿರಿಯಾನಿ ತರಲು ಹೋಗುತ್ತಿದ್ದ. ಖಾಲಿ ರಸ್ತೆ ಸಿಕ್ಕಿತೆಂದರೆ ಎಂಜಿನ್ ಕಿರುಚುವವರೆಗೂ ತುಳಿಯುತ್ತಿದ್ದ. "ಕಾರನ್ನ ಸಾಯಿಸ್ತೀಯ ಕಣೋ ನೀನು" ಎಂದು ಖುರ್ಷೀದ್ ರೇಗುತ್ತಿದ್ದಳು. "ಆಪಾ, ಇದಕ್ಕೆ ಓಟಾನೇ ಔಷಧಿ" ಎನ್ನುತ್ತಿದ್ದ. ಬಿರಿಯಾನಿ ತಿನ್ನೋದಕ್ಕೆ ಇದೊಂದು ನೆಪ ಎಂದುಕೊಳ್ಳುತ್ತಿದ್ದಳು ಅವಳು.

ಅವನು ಹೋದ ಮೇಲೆ ಅವಳಿಗೆ ಏನೂ ಆಗಲಿಲ್ಲ. ಸಂಕಟವೆಂದರೆ ಅದೇ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇದ್ದೂ ಇಲ್ಲದ ಹಾಗೆ ಇರುತ್ತದಲ್ಲ, ಇಡೀ ಮೈ ಹಾಗೆ. ಕಫನ್ ಬಟ್ಟೆ ತರಿಸಿದಳು, ಬಂದವರಿಗೆ ಚಹಾ ಮಾಡಿಸಿದಳು, ಶಿವಾಜಿನಗರದಲ್ಲಿದ್ದ ತನ್ನ ಗೋಟಾ ಲೇಸಿನ ಅಂಗಡಿಯನ್ನು ನಾಲ್ಕನೆಯ ದಿನವೇ ತೆರೆದಳು. "ಎಂಥ ಕಲ್ಲುಹೃದಯ!" ಎಂದು ನೆಂಟರು ಪಿಸುಗುಟ್ಟಿದರು. ಆಡಿಕೊಳ್ಳುವವರಿಗೇನು, ಬಾಯಿಗೆ ಬೀಗ ಇದೆಯೇ? ಕಾರಿನ ಸೀಟಿನಲ್ಲಿ ಕೂತ ಆ ಎರಡು ನಿಮಿಷದ ಮಟ್ಟಿಗೆ ಮಾತ್ರ, ಸೀಟಿನ ಅದುರು ಬೆನ್ನಿಗೆ ಹತ್ತಿ, ಅವಳಿಗೆ ತನಗೂ ಒಂದು ಮೈ ಇದೆ ಅನ್ನಿಸುತ್ತಿತ್ತು. ಆಮೇಲೆ ಅಕ್ಕಪಕ್ಕದವರ ನಿದ್ದೆ ಕೆಡುತ್ತದೆಂದು, ಹೊಗೆ ಜಾಸ್ತಿಯಾಗುತ್ತದೆಂದು, ಆಫ್ ಮಾಡಿ ಒಳಗೆ ಹೋಗುತ್ತಿದ್ದಳು.

ಹೀಗೇ ತಿಂಗಳುಗಟ್ಟಲೆ ನಡೆಯಿತು. ಆದಿಲನ ಮಗಳು ಅಲಿಯಾಳ ನಿಕಾಹ್ ಒಂದು ಭಾನುವಾರಕ್ಕೆ ಗೊತ್ತಾಯಿತು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗಿ, ಬೆಳೆದದ್ದೆಲ್ಲ ಖುರ್ಷೀದಳ ಮಡಿಲಲ್ಲಿ. ಅದು ಬೇಕು ಇದು ಬೇಕು ಎಂದವಳಲ್ಲ. ಮದುವೆಗೆ ಒಡವೆಯ ಆಸೆಯಿಲ್ಲ, ದೊಡ್ಡ ಶಾದಿಮಹಲಿನ ಹಟವಿಲ್ಲ. ಕೇಳಿದ್ದು ಒಂದೇ ಒಂದು: "ಫುಪ್ಪು, ರುಖ್ಸತಿ ದಿನ ಗಂಡನ ಮನೆಗೆ ನಾನು ಪಪ್ಪನ ಕಾರಲ್ಲೇ ಹೋಗ್ಬೇಕು." ಆದಿಲನ ಗೆಳೆಯ ಮುರಳಿ ತಾನೇ ಓಡಿಸುತ್ತೇನೆಂದು ಒಪ್ಪಿಕೊಂಡಿದ್ದ. ಹಲಸೂರಿನಲ್ಲಿ ಅವನದೊಂದು ಗ್ಯಾರೇಜು. ಆ ಕಾರಿನ ಹೊಟ್ಟೆಯೊಳಗೆ ಕೈ ಹಾಕಲು ಆದಿಲ್ ಬೇರೆ ಯಾರನ್ನೂ ಬಿಟ್ಟವನಲ್ಲ.

ಆ ಭಾನುವಾರಕ್ಕೆ ಮುಂಚಿನ ಸೋಮವಾರ ಕಾರು ಕೈಕೊಟ್ಟಿತು. ಕೀ ತಿರುಗಿಸಿದರೆ ಸ್ಟಾರ್ಟರು ಸಲೀಸಾಗಿ ಸುತ್ತುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಮುರಳಿ ಬಂದು ನೋಡಿದ, ಹಗ್ಗ ಕಟ್ಟಿಸಿ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಮೂರು ದಿನ ಫೋನಿಲ್ಲ. ಗುರುವಾರ ಮಧ್ಯಾಹ್ನ ಖುರ್ಷೀದ್ ಅಂಗಡಿ ಮುಚ್ಚಿ, ಆಟೋ ಹತ್ತಿ ತಾನೇ ಹೋದಳು.

ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಮೇಜಿನ ಮೇಲೆ ಹರಡಿತ್ತು. ಮುರಳಿ ಕೈ ಒರೆಸಿಕೊಂಡು ಸ್ಟೂಲು ಎಳೆದು ಹಾಕಿದ.

"ಕೂತ್ಕೊಳಿ ಆಪಾ. ಚಾ ಹೇಳ್ಲಾ?"

"ಚಾ ಆಮೇಲೆ. ಭಾನುವಾರಕ್ಕೆ ಓಡತ್ತಾ?"

"ಇಲ್ಲ ಆಪಾ. ಸೀಲ್ ಹೋಗಿದೆ. ಹೊರದೇಶದಿಂದ ತರಿಸ್ಬೇಕು, ತಿಂಗಳುಗಟ್ಲೆ ಆಗತ್ತೆ. ಒಳಗೋಡೆ ಕೂಡ ಗೀರಿಕೊಂಡಿದೆ. ನಿಜ ಹೇಳ್ಬೇಕಂದ್ರೆ, ಇನ್ಮೇಲೆ ಓಡತ್ತೆ ಅಂತ ನಾನು ಮಾತು ಕೊಡಲ್ಲ."

ರೋಟರಿನ ಒಂದೊಂದು ಮೂಲೆಗೂ ಒಂದೊಂದು ಉಕ್ಕಿನ ಪಟ್ಟಿ, ಬೆರಳುದ್ದದ್ದು. ಗಾಡಿಯವರ ಭಾಷೆಯಲ್ಲಿ ಸೀಲು. ಕೆಳಗಿನ ಸ್ಪ್ರಿಂಗು ಅದನ್ನು ಸದಾ ಗೋಡೆಗೆ ಒತ್ತಿ ಹಿಡಿಯಬೇಕು. ಒಳಗಿನ ಒತ್ತಡ ಉಳಿಯುವುದೇ ಅದರಿಂದ. ಅದು ಸೋತರೆ ಎಂಜಿನ್ ಸತ್ತ ಹಾಗೆ.

"ಯಾಕೆ ಹೋಯ್ತು?" ಖುರ್ಷೀದ್ ಕೇಳಿದಳು.

"ಹಳೇ ಗಾಡಿ ಅಲ್ವಾ ಆಪಾ. ಸವೆದಿರತ್ತೆ."

ಮುಖ ನೋಡದೆ ಹೇಳಿದ. ಬಣ್ಣ ಹೋಗುವ ಲೇಸನ್ನು ಗಟ್ಟಿ ಮಾಲು ಎಂದು ತಂದು ಸುರಿಯುವವರ ಜೊತೆ ಮೂವತ್ತು ವರ್ಷ ಏಗಿದವಳು ಖುರ್ಷೀದ್. ಈ ಸುಳ್ಳು ಅವಳಿಗೆ ಯಾವ ಲೆಕ್ಕ?

"ಮುರಳಿ, ನೀನು ಆದಿಲ್ ಜೊತೆ ಬೆಳ್ದೋನು. ನಂಗೆ ಸುಳ್ಳು ಹೇಳ್ಬೇಡ."

ಅವನು ಮೇಜಿನತ್ತ ತಿರುಗಿದ. ಪಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಈ ಸೀಲು ಸುಮ್ಸುಮ್ನೆ ಸಾಯಲ್ಲ ಆಪಾ. ಒಂದು, ನೀರು ಕಮ್ಮಿ ಆಗಿ ಎಂಜಿನ್ ಕಾದುಬಿಟ್ರೆ ಸ್ಪ್ರಿಂಗ್ ಮೆತ್ತಗಾಗತ್ತೆ. ಇಲ್ಲಿ ಸ್ಪ್ರಿಂಗ್ ಚೆನ್ನಾಗಿದೆ, ಕಾದಿರೋ ಗುರುತೇ ಇಲ್ಲ. ಇನ್ನೊಂದು ಆಯಿಲ್. ಈ ಎಂಜಿನ್ ಆಯಿಲ್ ಕುಡಿಯತ್ತೆ, ಅದರ ಹುಟ್ಟುಗುಣಾನೇ ಅದು. ಗೊತ್ತಿಲ್ದೋರು ಆಯಿಲ್ ಹಾಕದೆ ಒಣಗಿಸಿ ಕೊಲ್ತಾರೆ. ನೀವು ತಪ್ದೆ ಹಾಕಿಸಿದೀರ, ಪೂರ್ತಿ ಇದೆ. ಕೆಟ್ಟ ಪೆಟ್ರೋಲ್ ಹಾಕಿದ್ರೆ ಒಳಗೆ ಪಟಪಟ ಹೊಡೆದು ಸೀಲು ಎರಡು ತುಂಡಾಗತ್ತೆ. ಅದೂ ಆಗಿಲ್ಲ."

"ಮತ್ತೆ?"

ಮುರಳಿ ರೋಟರಿನ ಮೂಲೆಯಲ್ಲಿ ಸೀಲು ಕೂರುವ ತೋಡನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೋರಿಸಿದ. ಗಟ್ಟಿ ಕಪ್ಪು ಮಸಿ ಪುಡಿಪುಡಿಯಾಗಿ ಉದುರಿತು.

"ಇದು. ಮಸಿ ಕಟ್ಟಿ ಸೀಲು ಇಲ್ಲೇ ಕಚ್ಕೊಂಡಿದೆ. ಸ್ಪ್ರಿಂಗ್ ತಳ್ಳಿದ್ರೂ ಮೇಲೆ ಬರಲ್ಲ. ಗಟ್ಟಿ ಮಸಿ ಚೂರೊಂದು ಕಿತ್ಕೊಂಡು ಸೀಲಿನ ತುದಿ ಮುರಿದಿದೆ." ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. "ಆಪಾ, ದಿನಾ ಎಷ್ಟೊತ್ತು ಆನ್ ಇಡ್ತಿದ್ರಿ?"

"ಎರಡು ನಿಮಿಷ."

"ಬಿಸಿ ಆಗೋಕ್ಕೆ ಮುಂಚೆ ಆಫ್ ಮಾಡ್ತಿದ್ರಾ?"

"ಹ್ಞೂಂ."

"ಓಡಿಸ್ತಿರ್ಲಿಲ್ಲ."

"ನಂಗೆ ಓಡಿಸಕ್ಕೆ ಎಲ್ಲಿ ಬರತ್ತೆ?"

ಮುರಳಿ ಚಹಾ ಹೇಳಲು ಎದ್ದ. ಆದರೆ ಖುರ್ಷೀದ್ ಬಿಡಲಿಲ್ಲ, ಬಾಯಿ ಬಿಡಿಸಿಯೇ ಬಿಟ್ಟಳು. ತಣ್ಣಗಿರುವಾಗ ಈ ಎಂಜಿನ್ ಪೆಟ್ರೋಲನ್ನು ಗಟಗಟ ಎಳೆದುಕೊಳ್ಳುತ್ತದೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಉರಿಯದ ಪೆಟ್ರೋಲು ಒಳಗೇ ನಿಂತು ಗೋಡೆಯ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ. ಅರ್ಧ ಉರಿದದ್ದು ಮಸಿಯಾಗುತ್ತದೆ. ಆ ಮಸಿಯನ್ನು ಸುಟ್ಟು ಹೊರಗೆ ಹಾಕಬೇಕಾದರೆ ಉದ್ದನೆಯ ರಸ್ತೆಯಲ್ಲಿ ಕಿರುಚುವ ಹಾಗೆ ಓಡಿಸಬೇಕು. ಬೇರೆ ಕಾರಾಗಿದ್ದರೆ ತಡೆದುಕೊಂಡಿರುತ್ತಿತ್ತು. ಇದು ತಡೆಯಲಿಲ್ಲ.

"ಅಂದ್ರೆ ನಾನೇ."

"ಆಪಾ, ಹಾಗನ್ಬೇಡಿ. ನಾನೂ ಒಂದ್ಸಲ ಬಂದು ಓಡಿಸ್ಬೇಕಿತ್ತು. ಬರ್ಲಿಲ್ಲ. ಆ ಕಾರು ನೋಡಕ್ಕೇ ಆಗ್ತಿರ್ಲಿಲ್ಲ ನಂಗೆ."

ಅವನ ಕಣ್ಣು ತುಂಬಿತು. ಖುರ್ಷೀದ್ ಅದನ್ನು ನೋಡಿದಳು, ಅಷ್ಟೇ. ಏನೂ ಅನ್ನಿಸಲಿಲ್ಲ. ತಮ್ಮ ಬೈಯಿಸಿಕೊಂಡೂ ಬದುಕಿಸಿಟ್ಟಿದ್ದನ್ನು ತಾನು ಮುದ್ದು ಮಾಡಿ ಕೊಂದೆ ಎಂದು ಗೊತ್ತಾಯಿತು. ಗೊತ್ತಾದದ್ದು ತಲೆಗೆ, ಒಳಗೆಲ್ಲೂ ಇಳಿಯಲಿಲ್ಲ. ಚಹಾ ತರಿಸಿಕೊಂಡು ಕುಡಿದಳು. ಸಕ್ಕರೆ ಇತ್ತೋ ಇಲ್ಲವೋ ತಿಳಿಯಲಿಲ್ಲ. ವಾಪಸು ಬರುವಾಗ ಆಟೋದವನು ಹಲಸೂರು ಕೆರೆಯ ಪಕ್ಕ ಸಿಗ್ನಲ್ಲಿನಲ್ಲಿ ಯಾರ ಮೇಲೋ ಕೂಗಾಡುತ್ತಿದ್ದ. ಅವಳ ತಲೆಯಲ್ಲಿ ಒಂದೇ ಇತ್ತು: ಅಲಿಯಾಳಿಗೆ ಹೇಗೆ ಹೇಳಲಿ? ಜಗತ್ತಿನಲ್ಲಿ ಆ ಹುಡುಗಿಯ ಪಾಲಿಗೆ ಉಳಿದಿರುವವಳು ತಾನೊಬ್ಬಳು. ಅಪ್ಪನ ಕಾರು ಕೊಂದವಳೂ ತಾನೇ. ಇನ್ನು ಮೂರು ದಿನಕ್ಕೆ ಮನೆ ಬಿಟ್ಟು ಹೋಗುವವಳು, ಈ ಸಿಟ್ಟು ಹೊತ್ತುಕೊಂಡು ಹೋದರೆ ಮತ್ತೆ ಈ ಮೆಟ್ಟಿಲು ಹತ್ತುತ್ತಾಳೆಯೇ?

ಹಳೇದಾಗಿ ಹೋಯಿತು ಎಂದುಬಿಡಬಹುದಿತ್ತು. ಮುರಳಿ ಬಾಯಿ ಬಿಡುವವನಲ್ಲ. ಗೇಟು ತೆರೆಯುವವರೆಗೂ ಅದನ್ನೇ ಹೇಳುವುದೆಂದು ಅಂದುಕೊಂಡಿದ್ದಳು.

ಅಲಿಯಾ ನಡುಮನೆಯಲ್ಲಿ ನೆಲದ ಮೇಲೆ ಕೂತು ಮದುವೆ ದುಪಟ್ಟಾಕ್ಕೆ ಗೋಟಾ ಹೊಲಿಯುತ್ತಿದ್ದಳು. ತಲೆ ಎತ್ತಿ ನೋಡಿದಳು. ಖುರ್ಷೀದ್ ಚಪ್ಪಲಿ ಬಿಟ್ಟು, ಬುರ್ಖಾ ತೆಗೆಯದೆ, ಅವಳೆದುರು ಕೂತಳು. ಆ ಮುಖ ಕಂಡ ಮೇಲೆ ಸುಳ್ಳು ಬಾಯಿಗೆ ಬರಲೇ ಇಲ್ಲ.

"ಅಲಿಯಾ, ಕಾರು ಹೋಯ್ತಮ್ಮ. ಇನ್ನು ಓಡಲ್ಲ."

ಸೂಜಿ ನಿಂತಿತು.

"ನನ್ನಿಂದಾನೇ ಹೋಯ್ತು. ದಿನಾ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡ್ತಿದ್ನಲ್ಲ, ಅದು ವಿಷ ಅಂತೆ ಅದಕ್ಕೆ. ನಂಗೆ ಗೊತ್ತಿರ್ಲಿಲ್ಲ. ಬೈಯೋದಿದ್ರೆ ಬೈದುಬಿಡು. ಮನಸಲ್ಲಿ ಇಟ್ಕೊಂಡು ಹೋಗ್ಬೇಡ."

ಅಲಿಯಾ ಬೈಯಲಿಲ್ಲ. ದುಪಟ್ಟಾವನ್ನು ಮಡಚಿ ಪಕ್ಕಕ್ಕಿಟ್ಟಳು.

"ನಂಗೆ ಗೊತ್ತಿತ್ತು ಫುಪ್ಪು."

"ಏನು ಗೊತ್ತಿತ್ತು?"

"ತಣ್ಣಗಿರೋವಾಗ ಆಫ್ ಮಾಡ್ಬಾರ್ದು ಅಂತ. ಪಪ್ಪ ಡ್ರೈವಿಂಗ್ ಕಲಿಸೋವಾಗ ಮೊದಲು ಹೇಳಿದ್ದೇ ಅದು. ನೀವು ಮಾಡ್ತಿರೋದು ಮೊದಲನೇ ದಿನಾನೇ ಗೊತ್ತಾಯ್ತು."

ಖುರ್ಷೀದಳಿಗೆ ಅರ್ಥವಾಗಲಿಲ್ಲ. "ಗೊತ್ತಿದ್ದೂ ಸುಮ್ನಿದ್ಯಾ? ಒಂದ್ಮಾತು ಹೇಳಿದ್ರೆ ಕಾರು ಉಳೀತಿತ್ತಲ್ಲೇ! ನೀನೇ ಓಡಿಸಿರ್ಬಹುದಿತ್ತು!"

"ಅವರ ಸೀಟಲ್ಲಿ ಕೂರಕ್ಕೆ ನನ್ಕೈಲಿ ಆಗ್ಲಿಲ್ಲ ಫುಪ್ಪು." ಅಲಿಯಾ ತಾನು ಹೊದ್ದ ದುಪಟ್ಟಾದ ಅಂಚು ಹಿಡಿದು ಮುಖ ಒರೆಸಿಕೊಂಡಳು. "ಮೇಲೆ ಹಾಸಿಗೇಲಿ ಕಣ್ಮುಚ್ಚಿ ಮಲಗಿರ್ತಿದ್ದೆ. ಕೆಳಗೆ ಆ ಸದ್ದು ಬಂದ್ರೆ ಪಪ್ಪ ಎದ್ದಿದ್ದಾರೆ ಅನ್ನಿಸ್ತಿತ್ತು. ಹೇಳಿಬಿಟ್ಟಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ."

ಖುರ್ಷೀದಳಿಗೆ ಆಗ ನೋವಾಯಿತು. ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದಾದಷ್ಟು ನೋವಾಯಿತು.