ದೋಣಿಹಲಗೆಯ ತೂತುಗಳು

ಮರಕ್ಕೆ ಎರಡು ಹುಟ್ಟು ಎಂದು ನಂಬಿದ ಮನೆ ಅದು. ಮೊದಲನೆಯ ಹುಟ್ಟು ಭಗವಂತ ಮಣ್ಣಿನಿಂದ ಕೊಟ್ಟದ್ದು. ಎರಡನೆಯದು, ಜನ ಸಾಕೆಂದು ಎಸೆದ ಮೇಲೆ, ಆ ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ. ಕೆಡವಿದ ಮನೆಯ ಬಾಗಿಲು ಅಲ್ಲಿ ಬೆಂಚಾಗುತ್ತಿತ್ತು. ಒಡೆದ ಕಿಟಕಿ ಕನ್ನಡಿಗೆ ಚೌಕಟ್ಟಾಗುತ್ತಿತ್ತು, ಸವೆದ ಹಗ್ಗ ಸ್ಟೂಲಿನ ಹೆಣಿಗೆಯಾಗುತ್ತಿತ್ತು. ಹೊಳಪಿಗೆ ಡಬ್ಬಿಯ ವಾರ್ನಿಷ್ ಇಲ್ಲ. ಅಗಸೆ ಎಣ್ಣೆ, ಜೇನುಮೇಣ, ತೋಳಿನ ಬಲ, ಅಷ್ಟೇ.

ಕೆಲಸ ಮಾಡುವವಳು ಸೊಸೆ. ಅವಳ ಗಂಡ ಕೈಗಾಡಿ ತಳ್ಳಿಕೊಂಡು ಊರೆಲ್ಲ ಸುತ್ತಿ ಹಳೆಯ ಮರ ತರುವವನು. ಬೀದಿಯವರು ಅವನಿಗೆ 'ಗುಜರಿ ದೊರೆ' ಎಂದು ಹೆಸರಿಟ್ಟಿದ್ದರು, ಅವನೂ ಆ ಪಟ್ಟವನ್ನು ಸಂತೋಷದಿಂದಲೇ ಹೊತ್ತಿದ್ದ. ಸೊಸೆಗೆ ಉಳಿ ಹಿಡಿಯಲು ಕಲಿಸಿದವರು ಮಾವ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮರದ ಹೊಟ್ಟು ಗುಡಿಸುತ್ತ ನಿಂತು ನೋಡುವುದನ್ನು ಕಂಡು, "ನೋಡಿದ್ದು ಸಾಕು, ಹಿಡಿ" ಎಂದು ಉಳಿಯನ್ನು ಅವಳ ಕೈಗೆ ಕೊಟ್ಟಿದ್ದರು.

ಎರಡು ವರ್ಷದ ಹಿಂದೆ ಮಾವನ ಕಣ್ಣು ಪೂರ್ತಿ ಹೋಯಿತು. ಅಂದಿನಿಂದ ಅವರು ಮಾಡಿನ ಕಡೆ ತಲೆಯನ್ನೇ ಹಾಕಲಿಲ್ಲ. ಒಳಕೋಣೆಯ ಗೋಡೆಗೆ ಒರಗಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಸಾಮಾನು ಕಾಯುವವರಂತೆ ಕೂತಿರುತ್ತಿದ್ದರು. ಸೊಸೆಗೆ ನೋಡಲಾಗಲಿಲ್ಲ. ಒಂದು ಬೆಳಿಗ್ಗೆ, "ಮಾವ, ಉಜ್ಜೋಕೆ ನನ್ನ ಕೈ ಸಾಲ್ತಾ ಇಲ್ಲ" ಎಂದು ಸುಳ್ಳು ಹೇಳಿ ಕರೆತಂದು ಉಪ್ಪುಕಾಗದ ಕೈಗಿತ್ತಳು. ಅವರು ಹಲಗೆಯ ಮೇಲೆ ಅಂಗೈ ಊರಿ, ಒಳಗೊಳಗೇ ದೇವರನ್ನು ನೆನೆದು, ಉಜ್ಜತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಏನೋ ಗುನುಗುತ್ತಲೂ ಇದ್ದರು. ಅಲ್ಲಲ್ಲಿ ಬಿಟ್ಟುಹೋದ ಜಾಗವನ್ನು, ಅವರು ಊಟಕ್ಕೆ ಎದ್ದಾಗ, ಸೊಸೆ ಸದ್ದಾಗದಂತೆ ಉಜ್ಜಿ ಸರಿಮಾಡಿದಳು. ಮರುದಿನವೂ ಹಾಗೇ ಮಾಡಿದಳು. ಅದನ್ನು ಗಂಡನಿಗೂ ಹೇಳಲಿಲ್ಲ.

ಹೀಗಿರುವಾಗ ಅಂಬಿಗನ ಮಗಳು ಬಂದಳು. ನಲವತ್ತು ದಾಟಿದ ಹೆಂಗಸು, ಬೇಕರಿಯಲ್ಲಿ ಕೆಲಸ. ತೋಳಿನ ತುದಿಗೆ ಹಿಟ್ಟು ಮೆತ್ತಿತ್ತು. ಗುಜರಿ ದೊರೆಯ ಗಾಡಿಯಲ್ಲಿ ಅವಳ ಅಪ್ಪನ ದೋಣಿ ಬಿಚ್ಚಿದ ಹಲಗೆಗಳಾಗಿ ಬಂದಿತ್ತು.

"ಸೇತುವೆ ಬಂದ ಮೇಲೆ ಹಿತ್ತಲಲ್ಲೇ ಬಿದ್ದಿತ್ತು ಅಕ್ಕ. ಈಗ ಅಪ್ಪನೂ ಇಲ್ಲ. ಒಂದು ಊಟದ ಮೇಜು ಮಾಡಿಕೊಡಿ. ಆದರೆ ಅಪ್ಪನೇ ಹೊಡೆದ ಮೊಳೆ ಕಿತ್ತ ತೂತು ಮಾತ್ರ ಮುಚ್ಚಬೇಡಿ." ಅವಳು ಹಲಗೆಯ ಮೇಲೆ ಬೆರಳಾಡಿಸಿದಳು. "ಅಪ್ಪನದು ಒಂದು ಫೋಟೊನೂ ಇಲ್ಲ. ಅವರ ಕೈಗುರುತು ಅಂತ ಉಳಿದಿರೋದು ಇಷ್ಟೇ."

ಸೊಸೆ ಹೂಂ ಎಂದಳು, ಗಂಡನಿಗೂ ತಿಳಿಸಿದಳು. ಮಾವನಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ಉಜ್ಜುವವರಿಗೆ ತೂತಿನ ಚಿಂತೆ ಯಾಕೆ ಎಂದುಕೊಂಡಳು. ಅಲ್ಲೇ ಎಡವಿದಳು. ಮಾವನ ಕಾಲದ ಕೆಲಸವೇ ಬೇರೆ. ಮೊಳೆತೂತು ಕಾಣುವ ಮೇಜನ್ನು ಹೊರಗೆ ಕಳಿಸುವುದೆಂದರೆ ಅವರಿಗೆ ಅಂಗಿಯ ಗುಂಡಿ ಹಾಕದೆ ಬೀದಿಗಿಳಿದಷ್ಟು ನಾಚಿಕೆ.

ಎಂಟು ದಿನ ಕಳೆದು, ಹಲಗೆಗಳು ಜೋಡಣೆಯಾಗಿ ಮೇಜಿನ ಮೈ ಸಿದ್ಧವಾಗಿತ್ತು. ಸೊಸೆ ಗಿರಾಕಿಯೊಬ್ಬರಿಗೆ ಸ್ಟೂಲುಗಳನ್ನು ಕೊಟ್ಟು ಜೇನುಮೇಣ ತರಲು ಊರಿನ ಆ ತುದಿಗೆ ಹೋದವಳು, ತಿರುಗಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಮಾವ ಮೇಜಿನ ಪಕ್ಕ ಕಾಲು ನೀಡಿ ಕೂತಿದ್ದರು. ಹುಬ್ಬಿನ ಮೇಲೆಲ್ಲ ಮರದ ಹೊಟ್ಟು.

"ಬಂದ್ಯಾ ತಾಯಿ? ಕೈ ಆಡಿಸಿ ನೋಡು. ಒಂದೇ ಒಂದು ತೂತು ಸಿಕ್ಕರೆ ನನ್ನ ಮೀಸೆ ಬೋಳಿಸ್ಕೋತೀನಿ."

ಸೊಸೆ ಕೈ ಆಡಿಸಿದಳು. ಮೀಸೆಗೆ ಏನೂ ಭಯವಿರಲಿಲ್ಲ. ಅದೇ ಮರದ ಹೊಟ್ಟು, ಅದೇ ಬಣ್ಣ, ಅಂಟಿನಲ್ಲಿ ಕಲಸಿ ಪೊರಕೆಕಡ್ಡಿಯಿಂದ ಒಳಗೆ ತಳ್ಳಿ, ಮೇಲೆ ನಯವಾಗಿ ಉಜ್ಜಿಬಿಟ್ಟಿದ್ದರು. ತಾಮ್ರದ ಮೊಳೆಗಳಾದ್ದರಿಂದ ತುಕ್ಕಿನ ಕಲೆಯೂ ಉಳಿದಿರಲಿಲ್ಲ. ಕಣ್ಣಿದ್ದವಳಿಗೇ ಅವು ಎಲ್ಲಿದ್ದವೆಂದು ತಿಳಿಯದು.

"ಹೇಗಿದೆ?"

"ಚೆನ್ನಾಗಿದೆ ಮಾವ" ಎಂದಳು.

"ನನ್ನ ಕೈ ಇನ್ನೂ ಸತ್ತಿಲ್ಲ ಕಣಮ್ಮ" ಎಂದರು ಮಾವ, ಮೆಲ್ಲಗೆ.

ಸಂಜೆ ಗಂಡ ಬಂದು, ಮೇಜು ನೋಡಿ, ತಲೆಯ ಮೇಲೆ ಕೈ ಹೊತ್ತು ಕೂತ.

"ಹೇಳಿಬಿಡು" ಎಂದ.

"ನೀವೇ ಹೇಳಿ. ನಿಮ್ಮಪ್ಪ."

"ನಿನ್ನ ಮಾವ. ನನ್ನ ಮಾತು ಅವರು ಯಾವತ್ತು ಕೇಳಿದ್ದಾರೆ?"

"ಸುಮ್ಮನೆ ಹೆಸರಿಗೆ ದೊರೆ ನೀವು."

ಅವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಎಲ್ಲೆಲ್ಲೋ ಊಹಿಸಿ ಕೊರೆದರೆ ಅದು ತನ್ನ ತೂತಾಗುತ್ತದೆಯೇ ಹೊರತು ಆ ಅಪ್ಪನದಲ್ಲ ಎಂದು ಸೊಸೆಗೆ ಗೊತ್ತಿತ್ತು. ಹೇಳಿಬಿಟ್ಟರೆ ಮಾವನ ಕೈಗಳು ಮತ್ತೆ ಮಡಿಲು ಸೇರುತ್ತವೆ, ಈ ಸಲ ಏಳುವುದಿಲ್ಲ ಎಂಬುದೂ ಗೊತ್ತಿತ್ತು. ದೀಪ ಆರಿಸುವ ಮುನ್ನ, "ಇಬ್ಬರನ್ನೂ ನೋಯಿಸದ ಹಾಗೆ ದಾರಿ ತೋರಿಸಪ್ಪಾ" ಎಂದು ಬೇಡಿಕೊಂಡು ಮಲಗಿದಳು.

ಬೆಳಿಗ್ಗೆ ಅಂಬಿಗನ ಮಗಳು ಬಂದಳು. ಮೇಜಿನ ಮೇಲೆ ಅಂಗೈ ಇಟ್ಟಳು, ಸರಿಸಿದಳು, ಇನ್ನಷ್ಟು ಸರಿಸಿದಳು. ಆಮೇಲೆ ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಇದು ಯಾರದೋ ಮೇಜು ಅಕ್ಕ" ಎಂದಳು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ತಪ್ಪು ನಂದೇ. ಮರೆತು ನಾನೇ ಮುಚ್ಚಿಬಿಟ್ಟೆ" ಎಂದಳು ಸೊಸೆ ತಡಮಾಡದೆ.

ಮಾಡಿನ ಮೂಲೆಯಿಂದ ಮಾವನ ದನಿ ಬಂತು. "ಸುಳ್ಳು. ಮುಚ್ಚಿದ್ದು ನಾನು. ಮುಚ್ಚಬಾರದಿತ್ತಾ?"

ಮಾವ ಗೋಡೆ ಹಿಡಿದು ಎದ್ದು ಬಂದರು. ಅವರ ಮುಖದ ಬಣ್ಣ ಇಳಿದದ್ದನ್ನು ಸೊಸೆ ನೋಡಿದಳು, ನೋಡಲಾರದೆ ನೆಲ ನೋಡಿದಳು.

"ಅವು ನಮ್ಮಪ್ಪನ ಕೈ ಗುರುತು, ಅಜ್ಜ" ಎಂದಳು ಅಂಬಿಗನ ಮಗಳು.

ಮಾವ ಮೇಜಿನ ಅಂಚು ತಡವಿ ಹಿಡಿದರು. "ನಿಮ್ಮಪ್ಪ ಎಡಚರಲ್ಲವೇನಮ್ಮ?"

ಅವಳು ಬೆಚ್ಚಿದಳು. "ನಿಮಗೆ ಯಾರು ಹೇಳಿದರು?"

"ಯಾರು ಹೇಳಬೇಕು? ಕಡ್ಡಿ ತೂರಿಸಿದ ಪ್ರತಿ ತೂತೂ ಒಂದೇ ಕಡೆ ವಾಲಿತ್ತು. ಬಲಗೈಯವರು ಹೊಡೆದರೆ ಆ ಕಡೆ ವಾಲಲ್ಲ." ಬೆರಳು ಮೇಜಿನ ಮೇಲೆ ನಡೆಯತೊಡಗಿತು. "ಅವಸರದ ಮನುಷ್ಯನೂ ಅಲ್ಲ. ಎರಡು ಮೊಳೆ ಮಧ್ಯೆ ಒಂದೇ ಅಳತೆ, ಹೆಬ್ಬೆರಳಿಟ್ಟು ಹೊಡೆದ ಹಾಗೆ. ಆದರೆ ಇಲ್ಲಿ, ಈ ಮೂಲೇಲಿ ಮಾತ್ರ ಬೇರೆ. ಏಳು ಸಣ್ಣ ತೂತು, ಒಂದೊಂದೂ ಒಂದೊಂದು ದಿಕ್ಕಿಗೆ. ಎರಡು ಅರ್ಧಕ್ಕೇ ನಿಂತಿದ್ದವು. ಸುತ್ತ ಸುತ್ತಿಗೆ ತಪ್ಪಿ ಬಿದ್ದ ಗುಳಿ. ಮಗುವಿನ ಕೈಕೆಲಸ."

"ನಾನು" ಎಂದಳು ಅವಳು. ಹಿಟ್ಟಿನ ತೋಳು ಬಾಯಿಗೆ ಹೋಯಿತು. "ಆರು ವರ್ಷ ನನಗೆ. ದೋಣಿ ಸೋರ್ತಿತ್ತು. ಅಪ್ಪ ಸುತ್ತಿಗೆ ಕೊಟ್ಟು, 'ನೀನೇ ಹೊಡಿ' ಅಂದರು. ಆ ಮಳೆಗಾಲ ಪೂರ್ತಿ ಒಂದು ಹನಿ ನೀರು ಒಳಗೆ ಬರಲಿಲ್ಲ ಅಜ್ಜ. ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ!"

ಮಾವ ಎರಡು ವರ್ಷದಲ್ಲಿ ಮೊದಲ ಸಲ ಜೋರಾಗಿ ನಕ್ಕರು. "ಹೇಗೆ ಬರುತ್ತಮ್ಮ? ನಿನ್ನ ಒಂದೊಂದು ಮೊಳೆ ಪಕ್ಕದಲ್ಲೂ ಅವರದೊಂದು ಮೊಳೆ ಇತ್ತು. ದೊಡ್ಡದು, ಎಡಗೈದು, ಪೂರ್ತಿ ಇಳಿದದ್ದು. ನಿನ್ನದು ಒಂದನ್ನೂ ಕೀಳಲಿಲ್ಲ ಆ ಮಹಾರಾಯ. ನೀನು ಮನೆಗೆ ಹೋದ ಮೇಲೆ ಬಂದು, ಪಕ್ಕದಲ್ಲೇ ತನ್ನದು ಹೊಡೆದು ಹೋಗಿದ್ದಾರೆ."

ಅಂಬಿಗನ ಮಗಳು ನಗಲು ಹೋಗಿ ಅತ್ತಳು. ಸ್ಟೂಲು ಎಳೆದುಕೊಂಡು ಕೂತು, ಮಗುವಿನ ಹಾಗೆ, ಸಂಕೋಚವಿಲ್ಲದೆ ಅತ್ತಳು. ಸೊಸೆ ಚೊಂಬಿನಲ್ಲಿ ನೀರು ತಂದಿಟ್ಟಳು. ಒಂದು ಗುಟುಕು ಕುಡಿದು ಅವಳು ಕೇಳಿದಳು, "ಅವಷ್ಟನ್ನು ಮತ್ತೆ ತೆರೀಬಹುದಾ ಅಜ್ಜ? ನಂದು ಏಳು, ಅಪ್ಪನದು ಏಳು."

"ಅಂಟು ಇನ್ನೂ ಹಸಿ. ಮರಕ್ಕಿಂತ ಮೆತ್ತಗಿದೆ, ಹೋದ ದಾರೀಲೇ ವಾಪಸ್ ಬರುತ್ತೆ. ಉಳಿದವು?"

"ಉಳಿದವು ಹಾಗೇ ಇರಲಿ. ಮಕ್ಕಳು ಊಟ ಮಾಡೋ ಮೇಜು, ಎಲ್ಲಾ ತೂತಿನಲ್ಲೂ ತಿಂಡಿ ತುರುಕಿಡ್ತಾವೆ."

ಮಾವ ಕೈ ಚಾಚಿದರು. ಸೊಸೆ ದಬ್ಬಳ ಕೊಟ್ಟಳು. ತೋರುಬೆರಳಿಂದ ಅಳೆದು, ಎಡಕ್ಕೊಂದಿಷ್ಟು ಬಾಗಿಸಿ, ಅವರು ಮೊದಲ ತೂತು ತೆರೆದರು. ಅದರ ಪಕ್ಕದ್ದನ್ನೂ ತೆರೆದರು. ಸುಣ್ಣದಿಂದ ಗುರುತು ಹಾಕಿಟ್ಟಿದ್ದರೆ ಹೇಗೋ ಹಾಗೆ, ಒಂದೂ ತಪ್ಪಲಿಲ್ಲ. ಬಿದ್ದ ಹೊಟ್ಟನ್ನು ಅಂಬಿಗನ ಮಗಳು ಊದಿ ಊದಿ ತೆಗೆದಳು. ಹದಿನಾಲ್ಕೂ ಮುಗಿದಾಗ ಚಿಕ್ಕ ಸೊಟ್ಟ ತೂತುಗಳ ಪಕ್ಕ ದೊಡ್ಡ ತೂತುಗಳು, ಕೈಹಿಡಿದು ನಡೆದವರಂತೆ ಸಾಲಾಗಿ ನಿಂತಿದ್ದವು.

ಅವಳು ಹೋದ ಮೇಲೆ ಸೊಸೆ ಮೇಣ ಕರಗಿಸಲಿಟ್ಟಳು. ಮಾವ ಮುಂದಿನ ಹಲಗೆಯನ್ನು ಎಳೆದುಕೊಂಡು ಉಪ್ಪುಕಾಗದ ಮಡಿಸುತ್ತಿದ್ದರು.

"ತಾಯಿ."

"ಏನು ಮಾವ?"

"ನಾನು ಊಟಕ್ಕೆ ಎದ್ದಾಗ ನೀನು ನನ್ನ ಹಲಗೆ ಉಜ್ಜೋದು ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?"

ಸೊಸೆಯ ಕೈಯ ಸೌಟು ಅಲ್ಲೇ ನಿಂತಿತು.

"ಉಜ್ಜು, ಬೇಡ ಅನ್ನಲ್ಲ" ಎಂದರು ಮಾವ, ಹಲಗೆಯ ಮೇಲೆ ಅಂಗೈ ಊರುತ್ತ. "ಆದರೆ ಎಡತುದೀಲಿ ಸ್ವಲ್ಪ ಒತ್ತಿ ಉಜ್ಜು. ಅಲ್ಲಿ ನೀನೂ ಬಿಡ್ತೀಯ."